ಅಪ್ಪನ ಅಳಿಯನ ಬ್ಯಾಟಿಂಗ್

ಅಪ್ಪನ ತಂಗಿಯ ಮಗ ಬೇಗ ಔಟಾದ ದಿನ ನನಗೆ ಊಟ ಹೆಚ್ಚು ರುಚಿಸುತ್ತಿತ್ತು. ಇದನ್ನು ಹೇಳಲು ನನಗೇನೂ ನಾಚಿಕೆಯಿಲ್ಲ. ಅವನು ರಾಜ್ಯದ ತಂಡಕ್ಕೆ ಆಡುತ್ತಿದ್ದ ಬ್ಯಾಟ್ಸ್‌ಮನ್, ಕ್ರಿಕೆಟ್ಟೇ ಅವನ ಉದ್ಯೋಗ. ನಾನು ಕಾರ್ಕಳದ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಮಧ್ಯಾಹ್ನ ಬುತ್ತಿ ಬಿಚ್ಚುವ ಮೊದಲು ಮೊಬೈಲಿನಲ್ಲಿ ಅವನ ಸ್ಕೋರ್ ನೋಡುವುದು ನನ್ನ ಅಭ್ಯಾಸವಾಗಿತ್ತು. ಹತ್ತು ಹನ್ನೆರಡಕ್ಕೆ ಎಲ್‌ಬಿಡಬ್ಲ್ಯು ಎಂದಿದ್ದರೆ ಹಾಲು ಕುಡಿದಷ್ಟು ಸಂತೋಷ. ಐವತ್ತು ದಾಟಿದ್ದರೆ ಮಜ್ಜಿಗೆ ಅನ್ನವೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಆದರೂ ಸ್ಟಾಫ್ ರೂಮಿನಲ್ಲಿ "ನಮ್ಮ ಭಾವ ಅಲ್ವಾ" ಎಂದು ಹಲ್ಲು ಕಿರಿದು ಆ ಐವತ್ತನ್ನು ಎಲ್ಲರಿಗೂ ತೋರಿಸುತ್ತಿದ್ದೆ.

ಅವನು ಕೆಟ್ಟವನೇನಲ್ಲ. ಅದೇ ದೊಡ್ಡ ತೊಂದರೆ. ಕೆಟ್ಟವನಾಗಿದ್ದರೆ ಬೈದು ಹಗುರಾಗಬಹುದಿತ್ತು. ಊರಿಗೆ ಬಂದಾಗಲೆಲ್ಲ ನನಗೆ ಏನಾದರೂ ತರುತ್ತಿದ್ದ, ನನ್ನ ಶಾಲೆಯ ಹುಡುಗಿಯರ ತಂಡದ ಬಗ್ಗೆ ಕೇಳುತ್ತಿದ್ದ. ಅವನು ನನ್ನಿಂದ ಕಿತ್ತುಕೊಂಡದ್ದು ಒಂದನ್ನೇ: ನನ್ನ ಅಪ್ಪನ ಬಲಗೈ. ಆ ಕೈ ಎಸೆದ ಚೆಂಡುಗಳೆಲ್ಲ ಅವನಿಗೆ ಹೋದವು. ನನಗೂ ಬ್ಯಾಟ್ ಹಿಡಿಯಲು ಬರುತ್ತಿತ್ತು.

ನಮ್ಮ ತುಳುವರ ಮನೆಗಳಲ್ಲಿ ಗಂಡಸಿಗೆ ತನ್ನ ಮಕ್ಕಳಿಗಿಂತ ಅಕ್ಕತಂಗಿಯರ ಮಕ್ಕಳು ಒಂದು ಕೈ ಹೆಚ್ಚು. ಆಸ್ತಿ ಅಳಿಯನಿಗೆ ಸೇರುವ ಕಟ್ಟಳೆ ಅಜ್ಜನ ಕಾಲದಲ್ಲೇ ಮುಗಿದಿತ್ತು. ಕಾನೂನು ಬದಲಾಯಿತು, ಗಂಡಸರ ಕರುಳು ಬದಲಾಗಲಿಲ್ಲ. ಅತ್ತೆಯ ಗಂಡ ಮಸ್ಕತ್ತಿನಲ್ಲಿದ್ದರು. ಕಾಪುವಿನಲ್ಲಿ ನಮ್ಮ ಮನೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಅತ್ತೆಯ ಮನೆ. "ಅಳಿಯನ ಜವಾಬ್ದಾರಿ ನನ್ನದು" ಎಂದು ಅಪ್ಪ ಹೇಳುವಾಗ ಅವರ ಎದೆ ಸ್ವಲ್ಪ ಉಬ್ಬುತ್ತಿತ್ತು. ಮಗಳ ಜವಾಬ್ದಾರಿಯೂ ಅವರದೇ ಆಗಿತ್ತು, ಆದರೆ ಅದನ್ನು ಯಾರೂ ಎದೆಯುಬ್ಬಿಸಿ ಹೇಳುವುದಿಲ್ಲ. ಮದುವೆಯಾಗಬಹುದಾದ ಮುರೆಯ ಹುಡುಗ ಎಂದು ಅವನ ಹೆಸರು ಹೇಳಿ ನೆಂಟರು ನನ್ನನ್ನು ಛೇಡಿಸುತ್ತಿದ್ದುದೂ ಉಂಟು. "ನಿನ್ನ ಅಪ್ಪನಿಗೆ ಎರಡು ಕಡೆಯಿಂದಲೂ ಅಳಿಯ ಆಗ್ತಾನೆ, ಲಾಭ ಅಲ್ವಾ?" ಎಂದು ನಗುತ್ತಿದ್ದರು. ಅಪ್ಪನನ್ನು ಕೊಟ್ಟದ್ದು ಸಾಲದೆ ನನ್ನನ್ನೂ ಅವನಿಗೇ ಕೊಡಬೇಕೇ ಎಂದು ನಾನು ಒಳಗೆ ಉರಿಯುತ್ತಿದ್ದೆ. ಪುಣ್ಯಕ್ಕೆ ಇಬ್ಬರಿಗೂ ಬೇರೆ ಕಡೆ ಮದುವೆಯಾಯಿತು.

ಅಪ್ಪ ಹೆದ್ದಾರಿ ಬದಿಯ ಒಂದು ಸಭಾಭವನದ ಮ್ಯಾನೇಜರ್ ಆಗಿದ್ದರು. ಪ್ರಾಯದಲ್ಲಿ ಕಾಪುವಿನ ಒಂದು ತಂಡಕ್ಕೆ ಆಡಿದ್ದರಂತೆ. ಚೆನ್ನಾಗಿ ಆಡಿದ್ದರು ಎಂದು ಅವರೇ ಹೇಳುತ್ತಿದ್ದರು. ಇಲ್ಲಿ ಜೂನ್ ತಿಂಗಳಿಗೆ ಮೈದಾನಗಳು ಮುಳುಗುತ್ತವೆ, ಕ್ರಿಕೆಟ್ ಆಡುವವರೆಲ್ಲ ಮಳೆ ಬಿಡುವ ತನಕ ಕೇರಂ ಬೋರ್ಡಿನ ಸುತ್ತ ಕೂರುತ್ತಾರೆ. ಆದರೆ ಆಟಿ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ, ನಮ್ಮಲ್ಲಿ ಮದುವೆ ಇಟ್ಟುಕೊಳ್ಳುವುದಿಲ್ಲ. ಮದುವೆ ಇಲ್ಲದಿದ್ದರೆ ಸಭಾಭವನ ಖಾಲಿ. ತಲೆಯ ಮೇಲೆ ಅಷ್ಟು ದೊಡ್ಡ ಮಾಡು, ಕೆಳಗೆ ಅಷ್ಟು ದೊಡ್ಡ ನೆಲ, ಒಂದು ತಿಂಗಳು ಯಾರಿಗೂ ಬೇಡ. ಅಪ್ಪನಿಗೆ ಹೊಳೆದದ್ದು ಅದು. ಕುರ್ಚಿಗಳನ್ನು ಗೋಡೆಗೆ ಒಟ್ಟಿ, ಚಪ್ಪರದ ಹಳೆಯ ಬಟ್ಟೆಯನ್ನು ಎರಡು ಬದಿಗೆ ಕಟ್ಟಿ, ಊಟದ ಹಾಲಿನ ಬಾಗಿಲ ಮುಂದೆ ಒಂದು ಪ್ಲಾಸ್ಟಿಕ್ ಕುರ್ಚಿಯನ್ನೇ ಸ್ಟಂಪ್ ಮಾಡಿ, ಅದರ ಎದುರು ಅಳಿಯನನ್ನು ನಿಲ್ಲಿಸಿದರು. ವಧೂವರರು ಕೂರುವ ವೇದಿಕೆಯ ಬುಡದಿಂದ ಅಪ್ಪ ಎಸೆಯುತ್ತಿದ್ದರು. ಟೆನಿಸ್ ಚೆಂಡನ್ನು ಬಕೆಟ್ಟಿನ ನೀರಿನಲ್ಲಿ ಅದ್ದಿ ಎಸೆದರೆ ನುಣುಪಾದ ಗ್ರಾನೈಟಿನ ಮೇಲೆ ಅದು ಜಾರಿಕೊಂಡು ಬರುವ ವೇಗ ನೋಡಬೇಕು! ಅಂಥ ಚೆಂಡನ್ನು ಆಡಿದವನು ಯಾವ ಬೌಲರಿಗೂ ಹೆದರುವುದಿಲ್ಲ ಎಂಬುದು ಅಪ್ಪನ ಸಿದ್ಧಾಂತ. ಅದು ಸುಳ್ಳೂ ಆಗಲಿಲ್ಲ.

ಒಂದೇ ತೊಂದರೆ ಮಾಡಿನಲ್ಲಿತ್ತು. ಮಾಲಕರು ದುಬೈಯಿಂದ ತರಿಸಿ ನಡುವೆ ತೂಗುಹಾಕಿಸಿದ ಗಾಜಿನ ದೀಪದ ಗೊಂಚಲು. ಅದನ್ನು ಬಟ್ಟೆಯಲ್ಲಿ ಸುತ್ತಿಟ್ಟರೂ ಅಪ್ಪನ ಜೀವ ಅದರಲ್ಲೇ ನೇತಾಡುತ್ತಿತ್ತು. ಹಾಗಾಗಿ ಒಂದು ನಿಯಮ ಮಾಡಿದರು. ಹೊಡೆದ ಚೆಂಡು ಸೊಂಟಕ್ಕಿಂತ ಮೇಲೆ ಎದ್ದರೆ ಔಟ್. ಆ ದಿನದ ಬ್ಯಾಟಿಂಗ್ ಮುಗಿಯಿತು, ಬ್ಯಾಟ್ ಇಟ್ಟು ಮನೆಗೆ ಹೋಗಬೇಕು. ಭಾವ ಹಟಮಾರಿ, ಮನೆಗೆ ಹೋಗುವ ಜಾತಿಯಲ್ಲ. ಚೆಂಡನ್ನು ನೆಲಕ್ಕೆ ಒತ್ತಿ ಹೊಡೆಯುವುದನ್ನು ಕಲಿತ. ಬ್ಯಾಟಿಗೆ ತಾಗುವ ಹೊತ್ತಿಗೆ ಅವನ ಮಣಿಕಟ್ಟು ತಾನಾಗಿ ತಿರುಗಿ ಮುಚ್ಚಿಕೊಳ್ಳುತ್ತಿತ್ತು, ಚೆಂಡು ನೆಲ ಬಿಡದೆ ಹೋಗಿ ಒಟ್ಟಿದ ಕುರ್ಚಿಗಳ ಕಾಲಿಗೆ ಬಡಿಯುತ್ತಿತ್ತು. ಅದನ್ನು ಕುರ್ಚಿಗಳ ಸಂದಿಯಿಂದ ಹೆಕ್ಕಿ ತರುವವಳು ನಾನು. ಕೈ ಕೆಸರಾದದ್ದು ನನ್ನದು, ಬಾಯಿ ಮೊಸರಾದದ್ದು ಅವನದು.

ನನಗೂ ಒಮ್ಮೆ ಬ್ಯಾಟ್ ಸಿಕ್ಕಿತು. ಅಪ್ಪ ಮನಸ್ಸು ಮಾಡಿ ಕೊಟ್ಟದ್ದಲ್ಲ. ಭಾವನಿಗೆ ಜ್ವರ, ಅಪ್ಪನ ಕೈ ಸುಮ್ಮನಿರಲಿಲ್ಲ. ಅಪ್ಪ ಎಸೆಯುತ್ತಾರೆ ಎಂಬ ಸಂತೋಷಕ್ಕೇ ನನಗೆ ನಿಯಮ ಮರೆತುಹೋಯಿತು. ಮೊದಲ ಚೆಂಡನ್ನೇ ಎತ್ತಿ ಬಾರಿಸಿದೆ. ಅದು ನೇರವಾಗಿ ಗೊಂಚಲಿಗೆ ಹೋಗಿ ಬಟ್ಟೆಯೊಳಗೆ ಗಾಜು ಚಟಚಟ ಎಂದಿತು. ಅಪ್ಪ ಹೊಡೆಯಲಿಲ್ಲ, ಬೈಯಲೂ ಇಲ್ಲ. ಏಣಿ ಇಟ್ಟು ಹತ್ತಿ, ಬಟ್ಟೆ ಬಿಚ್ಚಿ, ಬಹಳ ಹೊತ್ತು ಅದನ್ನೇ ನೋಡಿದರು. ಇಳಿದು ಬಂದು "ಸಾಕು ಇನ್ನು" ಅಂದರು. ಅಲ್ಲಿಗೆ ಸಭಾಭವನದಲ್ಲಿ ನನ್ನ ಬ್ಯಾಟಿಂಗ್ ಮುಗಿಯಿತು. ಎಷ್ಟೋ ಆಟಿ ತಿಂಗಳು ಬಂದು ಹೋದವು, ನಾನು ಕುರ್ಚಿಗಳ ಸಂದಿಯಲ್ಲೇ ಉಳಿದೆ.

ನನ್ನ ಆಟ ಇದ್ದದ್ದು ಗದ್ದೆಯಲ್ಲಿ. ಕೊಯ್ಲಾದ ಮೇಲೆ ನೆರೆಮನೆಯ ಹುಡುಗರ ಜೊತೆ, ತೆಂಗಿನ ಮಡಲಿನ ಬುಡ ಕೆತ್ತಿದ ಬ್ಯಾಟಿನಿಂದ ಶುರು ಮಾಡಿದವಳು ನಾನು. ಕೊಯ್ದ ಗದ್ದೆಯಲ್ಲಿ ನೆಲದ ಮೇಲೆ ಹೊಡೆದ ಚೆಂಡು ಕೂಳೆಗೆ ಸಿಕ್ಕಿ ಅಲ್ಲೇ ನಿಲ್ಲುತ್ತದೆ. ಓಟ ಬೇಕಾದರೆ ಎತ್ತಿ ಹೊಡೆಯಲೇಬೇಕು, ಅಂಚಿನ ಆಚೆ, ತೋಡಿನ ಆಚೆ. ಹಾಗೆ ಒಂದೇ ಮನೆತನದಲ್ಲಿ ಇಬ್ಬರು ಬ್ಯಾಟ್ಸ್‌ಮನ್‌ಗಳು ತಯಾರಾದರು. ಒಬ್ಬನ ಚೆಂಡು ನೆಲ ಬಿಟ್ಟು ಏಳುತ್ತಿರಲಿಲ್ಲ, ಇನ್ನೊಬ್ಬಳ ಚೆಂಡು ನೆಲಕ್ಕೆ ಇಳಿಯುತ್ತಿರಲಿಲ್ಲ. ಅಪ್ಪನಿಗೆ ಕಂಡದ್ದು ಒಬ್ಬನೇ.

ಭಾವ ಜಿಲ್ಲೆಗೆ ಆಡಿದ, ವಲಯಕ್ಕೆ ಆಡಿದ, ರಾಜ್ಯದ ಕಿರಿಯರ ತಂಡಕ್ಕೆ ಸೇರಿದ. ಅವನ ಪಂದ್ಯದ ಮುಂಚೆ ಅತ್ತೆ ಪೆರ್ಡೂರಿಗೆ ಹೋಗಿ ದೇವರಿಗೆ ಬಾಳೆಹಣ್ಣು ಒಪ್ಪಿಸಿ ಬರುತ್ತಿದ್ದರು. ಪ್ರಸಾದದ ಹಣ್ಣು ನಮ್ಮ ಮನೆಗೂ ಬರುತ್ತಿತ್ತು. ಅದನ್ನು ತಿನ್ನುತ್ತ ತಿನ್ನುತ್ತಲೇ ಅವನು ಸೊನ್ನೆಗೆ ಔಟಾಗಲಿ ಎಂದು ನಾನು ಬೇಡಿಕೊಂಡದ್ದುಂಟು. ಒಂದೇ ಹಣ್ಣಿನ ಮೇಲೆ ಎರಡು ಹರಕೆ. ದೇವರಿಗೂ ಫಜೀತಿ ಆಗಿರಬೇಕು. ಹೆಚ್ಚಿನ ಸಲ ಅತ್ತೆಯದೇ ನಡೆಯಿತು.

ಮಣಿಪಾಲದಲ್ಲಿ ನಾನು ಕಾಲೇಜು ಓದುವಾಗ ನಮ್ಮ ಹುಡುಗಿಯರ ತಂಡ ಅಂತರ್ ಕಾಲೇಜು ಫೈನಲಿಗೆ ಹೋಯಿತು. ಅಪ್ಪ ಬರುತ್ತೇನೆ ಅಂದಿದ್ದರು. ಬಂದರು ಕೂಡ. ಬೌಂಡರಿಯ ಹಗ್ಗದ ಆಚೆ, ಬಿಳಿ ಪಂಚೆ, ಕೈಯಲ್ಲಿ ಕೊಡೆ. ಅವರನ್ನು ಕಂಡು ನನಗೆ ಮೈಯಲ್ಲಿ ದೆವ್ವ ಹೊಕ್ಕ ಹಾಗಾಯಿತು. ಆ ದಿನ ನಾನು ಹೊಡೆದಂತೆ ಮತ್ತೆಂದೂ ಹೊಡೆದಿಲ್ಲ. ಒಂದು ಸಿಕ್ಸರ್ ಹಾಸ್ಟೆಲಿನ ಕಾಂಪೌಂಡಿನೊಳಗೆ ಬಿತ್ತು, ಒಂದು ರಸ್ತೆಗೆ ಹೋಯಿತು. ಗೆದ್ದೆವು. ಗೆಳತಿಯರು ನನ್ನನ್ನು ಎತ್ತಿ ಕುಣಿದರು. ಉಡುಪಿಗೆ ಬಂದು ಕಾಪುವಿನ ಬಸ್ಸಿನಲ್ಲಿ ಕೂತ ಮೇಲೆ ಅಪ್ಪ ಏನಾದರೂ ಹೇಳುತ್ತಾರೆ ಎಂದು ಕಾದೆ. ಕಲ್ಯಾಣಪುರ ಕಡೆಯ ನೆಂಟರ ಸುದ್ದಿ ಹೇಳಿದರು. ಮೀನಿಗೆ ಈಗ ರುಚಿಯಿಲ್ಲ ಅಂದರು. ಕಟಪಾಡಿ ದಾಟಿದ ಮೇಲೆ ಹೇಳಿದರು:

"ನೀನು ಚೆಂಡನ್ನು ಮೇಲೆ ಎತ್ತುತ್ತಿ. ಅದು ಒಳ್ಳೆ ಅಭ್ಯಾಸ ಅಲ್ಲ. ಅಳಿಯನನ್ನು ನೋಡು, ಒಂದು ಬಾಲ್ ಗಾಳಿಯಲ್ಲಿ ಹೋಗುವುದಿಲ್ಲ."

ನಾನು ಕಿಟಕಿಯ ಹೊರಗೆ ನೋಡಿದೆ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ನಾನು ಹಿತ್ತಲಿನ ಗಿಡವೂ ಆಗಿರಲಿಲ್ಲ, ಹಿತ್ತಲಿನ ಕಳೆ. ಕಾಪು ಬಂದಾಗ ನನಗೆ ಸಿಕ್ಕಿದ್ದ ಟ್ರೋಫಿಯನ್ನು ಅಪ್ಪನ ಕೈಗೆ ಕೊಡದೆ ನಾನೇ ಹಿಡಿದುಕೊಂಡು ಇಳಿದೆ.

ಅವನು ರಾಜ್ಯದ ಹಿರಿಯರ ತಂಡಕ್ಕೆ ಆಡತೊಡಗಿದ ಮೇಲಂತೂ ಟಿವಿಯಲ್ಲಿ ಅವನ ಗುಣಗಾನ. ಎಂಥ ಸಂಯಮ, ಎಂಥ ಶಿಸ್ತು, ಈ ಕಾಲದಲ್ಲಿ ಇಷ್ಟು ಶುದ್ಧವಾಗಿ ನೆಲದ ಮೇಲೆ ಆಡುವವರು ಎಲ್ಲಿದ್ದಾರೆ ಎಂದು ಕಾಮೆಂಟರಿಯವರು ಉಬ್ಬಿಸುತ್ತಿದ್ದರು. ನಾನು ಸೋಫಾದಲ್ಲಿ ಕೂತು ಹಲ್ಲು ಕಡಿಯುತ್ತಿದ್ದೆ. ಸಂಯಮವೂ ಇಲ್ಲ, ಶಿಸ್ತೂ ಇಲ್ಲ ಮಾರಾಯ್ರೇ, ಅದು ಮದುವೆ ಹಾಲಿನ ದೀಪದ ಹೆದರಿಕೆ ಎಂದು ಕೂಗಿ ಹೇಳಬೇಕೆನಿಸುತ್ತಿತ್ತು. ಅವನಿಗೆ ಕಾಪುವಿನಲ್ಲಿ ಸನ್ಮಾನ ನಡೆದದ್ದೂ ಅದೇ ಸಭಾಭವನದಲ್ಲಿ. ಶಾಲು, ಹಾರ, ಹಣ್ಣಿನ ಬುಟ್ಟಿ. ಅಪ್ಪನನ್ನು ವೇದಿಕೆಗೆ ಕರೆದರು. ಭಾವ ಮೈಕಿನ ಮುಂದೆ ನಿಂತು, "ನನ್ನ ಸೋದರಮಾವನೇ ನನ್ನ ಗುರು" ಎಂದು ಅಪ್ಪನ ಕಾಲು ಮುಟ್ಟಿದ. ಎಷ್ಟೋ ಜನ ಕಣ್ಣೊರೆಸಿಕೊಂಡರು. ಕೊನೆಗೆ, "ಮನೆಯವರೆಲ್ಲ ಸಹಕರಿಸಿದ್ದಾರೆ" ಅಂದ. ಆ ಮನೆಯವರೆಲ್ಲ ಎಂಬವಳು ನಾನು, ಹಿಂದೆ ನಿಂತು ಬಂದವರಿಗೆ ಪಾನಕ ಹಂಚುತ್ತಿದ್ದೆ.

ಆಮೇಲೆ ಕಾಲ ತಿರುಗಿತು. ಎಲ್ಲ ಕಡೆ ಇಪ್ಪತ್ತು ಓವರಿನ ಆಟ, ಲೀಗುಗಳು. ಹುಡುಗರು ಬಂದ ಕೂಡಲೇ ಎತ್ತಿ ಬಡಿಯುವವರು. ನೆಲದ ಮೇಲೆ ಆಡುವವನನ್ನು ಶುದ್ಧ ಎಂದು ಹೊಗಳಿದ ಬಾಯಿಗಳೇ ಈಗ ನಿಧಾನ ಎಂದವು. ಹೊಡೆತವೇನೋ ಚಂದ, ಆದರೆ ಸರ್ಕಲಿನಲ್ಲಿ ನಿಂತ ಫೀಲ್ಡರ್ ಬಾಗಿ ಹಿಡಿಯುತ್ತಾನೆ, ಓಟವಿಲ್ಲ. ಭಾವನನ್ನು ಮೊದಲು ಲೀಗಿನ ತಂಡಗಳು ಬಿಟ್ಟವು, ಆಮೇಲೆ ರಾಜ್ಯದ ತಂಡವೂ ಬಿಟ್ಟಿತು. ಮೂವತ್ತು ದಾಟಿದವನು, ಬೇರೆ ಕೆಲಸ ಕಲಿತವನಲ್ಲ. ಮಗು ಸಣ್ಣದು. ಕ್ಲಬ್ ಪಂದ್ಯಗಳಿಗೆ ಅಲ್ಲಿ ಇಲ್ಲಿ ಹೋಗುತ್ತಿದ್ದ. ನಾನು ಬಾಯಲ್ಲಿ "ಪಾಪ" ಅಂದೆ. ನಿಜ ಹೇಳುವುದಾದರೆ ಬಹಳ ವರ್ಷಗಳ ಮೇಲೆ ನನ್ನ ಊಟ, ನಿದ್ದೆ ಎರಡೂ ಸರಿಯಾದವು.

ಕಳೆದ ಆಟಿಯಲ್ಲಿ ಒಂದು ಸಂಜೆ ಅಪ್ಪನ ಫೋನ್ ಬಂತು. ಅಪ್ಪ ಸುಮ್ಮನೆ ಫೋನ್ ಮಾಡುವವರಲ್ಲ.

"ನಿಮ್ಮ ಶಾಲೆಯ ಗ್ರೌಂಡ್ ಮಳೆಗೆ ಹೇಗೆ ಉಂಟು?"

"ಒಳ್ಳೇದುಂಟು. ಮುರಕಲ್ಲಿನ ನೆಲ ಅಲ್ವಾ, ಮಳೆ ಬಿಟ್ಟ ಅರ್ಧ ಗಂಟೆಯಲ್ಲಿ ನೀರು ಇಳೀತದೆ. ಯಾಕೆ ಅಪ್ಪ?"

"ನಾಳೆ ಭಾನುವಾರ ಬರ್ತೇನೆ. ನಿನ್ನಿಂದ ಒಂದು ಕೆಲಸ ಉಂಟು."

ನನ್ನಿಂದ ಕೆಲಸ! ನಾನು ಬೆಳಿಗ್ಗೆ ಎದ್ದು ಪತ್ರೊಡೆ ಬೇಯಿಸಿದೆ. ಗಂಡನನ್ನು ಎಬ್ಬಿಸಿ ಶಾಲೆಗೆ ಕರೆದುಕೊಂಡು ಹೋಗಿ ಸಿಮೆಂಟ್ ಪಿಚ್ಚಿನ ನೀರು ಗುಡಿಸಿಸಿದೆ, ಮ್ಯಾಟ್ ಹಾಸಿದೆ. ಕಾರು ಬಂತು. ಅಪ್ಪ ಇಳಿದರು. ಹಿಂದಿನಿಂದ ಕಿಟ್ ಬ್ಯಾಗ್ ಹೊತ್ತು ಭಾವ ಇಳಿದ. ನನಗೆ ಪತ್ರೊಡೆಯನ್ನು ನಾಯಿಗೆ ಹಾಕಿಬಿಡೋಣ ಅನ್ನಿಸಿತು.

ವಿಷಯ ಇಷ್ಟು. ಲೀಗಿನ ಒಂದು ತಂಡದಲ್ಲಿ ಯಾರಿಗೋ ಗಾಯವಾಗಿ ಜಾಗ ಖಾಲಿಯಾಗಿತ್ತು. ಭಾವನ ಹಳೆಯ ಜೊತೆಗಾರನೊಬ್ಬ ಅಲ್ಲಿ ಕೋಚ್. ಬಾ, ಆದರೆ ಸಿಕ್ಸರ್ ಹೊಡೆಯಲು ಬರುತ್ತದೋ ಎಂದು ನೋಡುತ್ತೇವೆ ಅಂದಿದ್ದನಂತೆ. ಒಂದು ವಾರ ಸಮಯ. ಇದು ತಪ್ಪಿದರೆ ಬ್ಯಾಟನ್ನು ಅಟ್ಟದ ಮೇಲೆ ಇಡುವುದೇ ಎಂದು ಭಾವ ನಗುತ್ತ ಹೇಳಿದ. ನಗು ಬಾಯಿಯಲ್ಲಿ ಮಾತ್ರ ಇತ್ತು.

ಅಪ್ಪನಿಗೆ ಎಪ್ಪತ್ತು ದಾಟಿದೆ. ಭುಜ ಮೇಲೇಳುವುದಿಲ್ಲ, ಅರ್ಧ ಪಿಚ್ಚಿನಿಂದ ಕೈಯನ್ನು ಕೆಳಗಿನಿಂದ ಬೀಸಿ ಎಸೆದರು. "ಎತ್ತು," ಅಂದರು. ಭಾವ ಕಾಲು ಮುಂದಿಟ್ಟು ಹೊಡೆದ. ಚೆಂಡು ನೆಲಕ್ಕಂಟಿಕೊಂಡು ಹೋಯಿತು. "ಎತ್ತು ಅಂದದ್ದು," ಅಂದರು. ಮತ್ತೆ ನೆಲದಲ್ಲಿ. ಎಷ್ಟು ಎಸೆದರೂ ಹಾಗೇ. ಬ್ಯಾಟ್ ಮೇಲಿಂದ ಚಂದ ಬರುತ್ತಿತ್ತು, ತಾಗುವ ಹೊತ್ತಿಗೆ ಆ ಮಣಿಕಟ್ಟು ತಿರುಗಿ ಮುಚ್ಚಿಕೊಳ್ಳುತ್ತಿತ್ತು. ಎತ್ತಬೇಡ ಎಂದು ಅಷ್ಟು ವರ್ಷ ಹೇಳಿದ ಬಾಯಿ ಈಗ ಎತ್ತು ಎತ್ತು ಎಂದು ಕೂಗುತ್ತಿತ್ತು, ಕೈ ಮಾತ್ರ ಹಳೆಯ ಮಾತನ್ನೇ ಕೇಳುತ್ತಿತ್ತು.

"ಆಗುವುದಿಲ್ಲ ಮಾವ," ಭಾವ ಬೆವರು ಒರೆಸಿಕೊಂಡ. "ಕೈ ಎತ್ತಿದ ಕೂಡಲೇ ತಲೆ ಮೇಲೆ ಎಂತದೋ ಉಂಟು ಅಂತ ಆಗ್ತದೆ."

ಅಪ್ಪ ಮುಖ ಕೆಳಗೆ ಹಾಕಿದರು. ತಪ್ಪು ಯಾರದೆಂದು ಅವರಿಗೆ ಆ ಕ್ಷಣದಲ್ಲಿ ತಿಳಿಯಿತು. ನಾನು ಕೊಡೆ ಹಿಡಿದು ನಿಂತಿದ್ದೆ. ಅಯ್ಯೋ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಒಳಗೆ ಏನೋ ತಣ್ಣಗೆ ಇಳಿಯಿತು. ಅಷ್ಟರಲ್ಲಿ ಅಪ್ಪ ನನ್ನ ಕಡೆ ತಿರುಗಿದರು.

"ನೀನು ಬ್ಯಾಟ್ ತಕೋ."

ನನಗೆ ನಂಬಿಕೆ ಬರಲಿಲ್ಲ. ಕೊಡೆಯನ್ನು ಗಂಡನ ಕೈಗೆ ತುರುಕಿ, ಸೀರೆಯಲ್ಲಿ ಬಾರದೆ ಟ್ರ್ಯಾಕ್ ಪ್ಯಾಂಟಿನಲ್ಲಿ ಬಂದದ್ದಕ್ಕೆ ನನ್ನನ್ನೇ ಹೊಗಳಿಕೊಂಡು, ಭಾವನ ಬ್ಯಾಟ್ ಹಿಡಿದು ನಿಂತೆ. ಭಾರದ ಬ್ಯಾಟು, ಒಳ್ಳೆಯ ಬ್ಯಾಟು. ಅಪ್ಪ ಎಸೆದರು. ಇಷ್ಟು ವರ್ಷ ಕುರ್ಚಿಗಳ ಸಂದಿಯಿಂದ ನೋಡಿದ ಎಸೆತ, ಈಗ ನನ್ನ ಎದುರಿನಿಂದ ಬರುತ್ತಿತ್ತು. ಬಾರಿಸಿದೆ. ಚೆಂಡು ಕಾಂಪೌಂಡ್ ಗೋಡೆ ದಾಟಿ ಗೇರು ಮರಗಳೊಳಗೆ ಹೋಯಿತು. ಎಂಥ ಸುಖ ಅದು!

ನಾನು ಚೆಂಡು ಎಲ್ಲಿ ಬಿತ್ತೆಂದು ನೋಡಲಿಲ್ಲ, ಅಪ್ಪನ ಮುಖ ನೋಡಿದೆ. ಅಪ್ಪ ನನ್ನನ್ನು ನೋಡುತ್ತಿರಲಿಲ್ಲ, ಚೆಂಡನ್ನೂ ನೋಡುತ್ತಿರಲಿಲ್ಲ. ಅಳಿಯನ ಮುಖ ನೋಡುತ್ತಿದ್ದರು.

"ನೋಡಿದೆಯಾ?" ಅಂದರು ಅವನಿಗೆ. "ಅವಳು ಮಣಿಕಟ್ಟು ತಿರುಗಿಸುವುದಿಲ್ಲ. ಹಾಗೇ ಬಿಡ್ತಾಳೆ. ಅವಳಿಗೆ ಮೊದಲಿನಿಂದಲೂ ಅದು ಉಂಟು."

ಮೊದಲಿನಿಂದಲೂ! ಗೊತ್ತಿತ್ತು ಹಾಗಾದರೆ. ಆ ದಿನ ಬಸ್ಸು ಕಟಪಾಡಿ ದಾಟಿದ ಮೇಲೂ ಗೊತ್ತಿತ್ತು. ಮುಂದಿನ ಚೆಂಡನ್ನು ಬೇಕೆಂದೇ ನೆಲಕ್ಕೆ ಆಡಿದೆ.

"ಎಂತ ಮಾಡ್ತಿ ಮಾರಾಯ್ತಿ?" ಅಪ್ಪ ರೇಗಿದರು. "ಎತ್ತಿ ಹೊಡಿ. ಅವನು ನೋಡುವುದು ಬೇಡವಾ?"

ಎತ್ತಿ ಹೊಡೆದೆ. ಮತ್ತೊಂದು ಹಾಕಿದರು, ಅದನ್ನೂ ಹೊಡೆದೆ. ಪ್ರತಿ ಸಲ ಅಪ್ಪ ಅವನಿಗೆ ಏನೋ ವಿವರಿಸುತ್ತಿದ್ದರು, ಅವನು ತಲೆಯಾಡಿಸುತ್ತಿದ್ದ. ಅವನಿಗೆ ಅರ್ಥವಾದ ಕೂಡಲೇ ಇದು ನಿಲ್ಲುತ್ತದೆ ಎಂದು ನನಗೆ ಹೊಳೆಯಿತು. ಅವನಿಗೆ ಅರ್ಥವಾಗದಿರಲಿ ಎಂದು ನಾನು ಆ ಹೊತ್ತು ಬೇಡಿಕೊಂಡಷ್ಟು ಯಾವ ದೇವರಲ್ಲೂ ಏನನ್ನೂ ಬೇಡಿಲ್ಲ. ಅವನ ಕೆಲಸ, ಅವನ ಮಗು, ಆ ತಂಡ, ಯಾವುದೂ ನನಗೆ ಕಾಣಿಸಲಿಲ್ಲ. ಹನಿ ಮಳೆ ಶುರುವಾಯಿತು. ಅಪ್ಪ ಚೆಂಡನ್ನು ಅಂಗಿಗೆ ಒರೆಸಿ ಎಸೆಯುತ್ತಲೇ ಇದ್ದರು.

"ಗೊತ್ತಾಯ್ತು ಮಾವ," ಅಂದ ಭಾವ. ಅವನ ಮುಖ ಅರಳಿತ್ತು. "ಈಗ ಗೊತ್ತಾಯ್ತು. ಕೊಡು, ನಾನು ಹೊಡೀತೇನೆ."

ಅವನು ಬ್ಯಾಟಿಗೆ ಕೈ ಚಾಚಿದ. ಅಪ್ಪನೂ, ಕೊಡು ಎಂಬಂತೆ ನನಗೆ ತಲೆ ಆಡಿಸಿದರು. ನಾನು ಕ್ರೀಸ್ ಬಿಡಲಿಲ್ಲ.

"ಅವನಿಗೆ ಗೊತ್ತಾಗಲಿಲ್ಲ ಅಪ್ಪ," ಅಂದೆ. "ಇನ್ನೂ ಹಾಕಿ."

ಅಪ್ಪ ಅಳಿಯನನ್ನು ಒಮ್ಮೆ ನೋಡಿದರು, ಹಾಕಿದರು.